ಹದಿನೈದು ದಿನದ ಮಾತ್ರೆ

ದೊಡ್ಡಬೆಳವಂಗಲದಿಂದ ನಾಲ್ಕು ಮೈಲಿ ಒಳಗೆ, ಗುಡ್ಡದ ಬುಡದಲ್ಲಿ ಇರುಳಿಗ ಬುಡಕಟ್ಟಿನವರ ಇಪ್ಪತ್ತಾರು ಮನೆಗಳಿವೆ. ಮುನಿಗಂಗಮ್ಮ ಅಲ್ಲಿಯವಳು. ಮೊದಲು ಗುಡ್ಡದಲ್ಲಿ ಜೇನು, ಗೆಣಸು ಹುಡುಕಿ ಬದುಕುತ್ತಿದ್ದಳು. ಗುಡ್ಡಕ್ಕೆ ಬೇಲಿ ಬಿದ್ದ ಮೇಲೆ ನೆಲಮಂಗಲದ ಗೋದಾಮೊಂದರಲ್ಲಿ ಕಸ ಗುಡಿಸಲು ಸೇರಿದಳು. ಊಟಕ್ಕೆ ರೇಷನ್ ಅಕ್ಕಿ, ಉಪ್ಪಿನಕಾಯಿ. ಹಸಿವು ಮರೆಯಲು ಹೊಗೆಸೊಪ್ಪು.

ಕಳೆದ ವರ್ಷ ಗುಡ್ಡದ ಬುಡದ ಈ ಮನೆಗಳಿಗೊಂದು ಆರೋಗ್ಯ ಶಿಬಿರ ಬಂತು. ಯಾವುದೋ ಟ್ರಸ್ಟಿನ ಅಧ್ಯಕ್ಷ ಆದಿನಾರಾಯಣಪ್ಪನವರ ಕೃಪೆ. ಔಷಧಿಯ ಪೆಟ್ಟಿಗೆ ಒಂದು, ಅವರ ಮುಖವಿದ್ದ ಬ್ಯಾನರು ನಾಲ್ಕು. ಮುನಿಗಂಗಮ್ಮನ ಬಿ.ಪಿ. ನೂರ ತೊಂಬತ್ತು ದಾಟಿತ್ತು. ಡಾಕ್ಟರು ಹದಿನೈದು ದಿನದ ಮಾತ್ರೆ ಕೊಟ್ಟರು. ಅಧ್ಯಕ್ಷರು ಮೈಕು ಹಿಡಿದು, "ದಿನಾ ಹಣ್ಣು ತಿನ್ನಿ, ಬೆಳಗ್ಗೆ ವಾಕಿಂಗ್ ಮಾಡಿ" ಎಂದರು. ಬಸ್ಸು ಹಿಡಿಯಲು ದಿನಕ್ಕೆ ಎಂಟು ಮೈಲಿ ನಡೆಯುವವಳಿಗೆ ಈ ಉಪದೇಶ. ಉಪದೇಶಿಸಿದವರು ಕಾರಿನಿಂದ ಶಾಮಿಯಾನಕ್ಕೆ ಬರುವಷ್ಟರಲ್ಲಿ ಏದುಸಿರು ಬಿಟ್ಟಿದ್ದರು.

ಮಾತ್ರೆ ಮುಗಿಯಿತು. ಕೂಲಿ ಬಿಟ್ಟು ಸರ್ಕಾರಿ ಆಸ್ಪತ್ರೆಗೆ ಹೋದಳು. ಔಷಧಿ ಕಿಟಕಿಯವನು ತಲೆ ಎತ್ತದೆ, "ಸ್ಟಾಕ್ ಇಲ್ಲ, ಮುಂದಿನ ವಾರ ಬಾ" ಎಂದ. ಮುಂದಿನ ವಾರ ಹೋದರೆ, "ಗುಡ್ಡದೋರ್ಗೂ ಬಿ.ಪಿ. ಬರ್ತದಾ?" ಎಂದು ನಕ್ಕ. ಅವಳು ಮತ್ತೆ ಅತ್ತ ಸುಳಿಯಲಿಲ್ಲ.

ಮಾತ್ರೆ ನಿಂತು ನಾಲ್ಕು ತಿಂಗಳಾಗಿತ್ತು. ಗೋದಾಮಿನಲ್ಲಿ ಗುಡಿಸುವಾಗ ಪೊರಕೆ ಜಾರಿತು, ಬಾಯಿ ಸೊಟ್ಟಗಾಯಿತು. ಸೂಪರ್‌ವೈಸರ್ "ಕುಡ್ದವ್ಳೆ" ಎಂದು ಅವಳನ್ನು ಗೇಟಿನಾಚೆ ಕೂರಿಸಿದ. ಅಲ್ಲಿ ನಿಂತಿದ್ದ ಲಾರಿ ಡ್ರೈವರ್ ಭೀಮರಾಜ್ ಹತ್ತಿರ ಬಂದು, "ಅಕ್ಕಾ, ಎರಡೂ ಕೈ ಎತ್ತು" ಎಂದ. ಎದ್ದದ್ದು ಬಲಗೈ ಮಾತ್ರ. ಲಕ್ವ ಹೊಡೆದಿದೆ ಎಂದು ಅರಿತು ಅವನೇ ಲಾರಿಯಲ್ಲಿ ಆಸ್ಪತ್ರೆಗೆ ಒಯ್ದ. ಜೀವ ಉಳಿಯಿತು, ಎಡಗೈ ಕೆಲಸಕ್ಕೆ ಬಾರದಾಯಿತು. ಗೋದಾಮಿನವರು ಬೇರೆಯವಳನ್ನು ಇಟ್ಟುಕೊಂಡರು.

ಈ ವರ್ಷ ಶಿಬಿರ ಮತ್ತೆ ಬಂತು. ಸೊಟ್ಟಬಾಯಿಯ ಹೆಂಗಸನ್ನು ಕಂಡ ಅಧ್ಯಕ್ಷರು ಹಿಗ್ಗಿ ಹತ್ತಿರ ಕರೆದರು.

"ಬಾಮ್ಮ, ಫೋಟೋಗೆ ನಿಂತ್ಕೋ. ಹೋದ್ಸಲ ನಮ್ಮ ಮಾತ್ರೆ ತಗೊಂಡಿದ್ಯಲ್ಲಾ?"

"ಹದ್ನೈದು ದಿನ ತಗೊಂಡೆ ಸ್ವಾಮಿ. ಮಿಕ್ಕಿದ್ ಮುನ್ನೂರೈವತ್ತು ದಿನದ್ದು ತಂದಿದ್ದೀರಾ?"

"ಅದೆಲ್ಲಾ ಸರ್ಕಾರ ನೋಡ್ಕೊಳುತ್ತೆ."

"ಹಂಗಾದ್ರೆ ಸರ್ಕಾರದ ಪಕ್ಕ ನಿಂತ್ಕೊತೀನಿ ಬಿಡಿ."

ಅವಳು ಮನೆಗೆ ನಡೆದಳು. ಉಳಿದ ಹೆಂಗಸರೂ ಎದ್ದು ಅವಳ ಹಿಂದೆ ಹೊರಟರು. ಅಧ್ಯಕ್ಷರು "ಉಪಕಾರ ತಿಳೀದ ಜನ" ಎಂದು ಗೊಣಗಿ, ಖಾಲಿ ಕುರ್ಚಿಗಳ ಮುಂದೆ ಭಾಷಣ ಮಾಡಲಾಗದೆ ಮಧ್ಯಾಹ್ನವೇ ಹೊರಟರು. ಬುಡಕಟ್ಟು ಜನರ ಸೇವೆಗೆಂದು ಅವರಿಗೆ ಆಮೇಲೆ ಎಲ್ಲೋ ಸನ್ಮಾನವೂ ಆಯಿತಂತೆ. ಮಾಡಿದವರಿಗೂ ನಾಚಿಕೆ ಬೇಡವೇ.

ಶಿಬಿರಕ್ಕೆ ಬಂದಿದ್ದ ನರ್ಸ್ ಸಂಘಮಿತ್ರ ಮಾತ್ರ ಅಲ್ಲೇ ಉಳಿದು ಮನೆಮನೆಗೂ ಹೋದಳು. ಹನ್ನೊಂದು ಜನಕ್ಕೆ ಬಿ.ಪಿ., ನಾಲ್ವರಿಗೆ ಸಕ್ಕರೆ ಕಾಯಿಲೆ. ಈಗ ತನ್ನ ರಜೆಯ ದಿನ ಸ್ಕೂಟರಿನಲ್ಲಿ ಅವರೆಲ್ಲರ ತಿಂಗಳ ಮಾತ್ರೆ ತಂದು ಮುನಿಗಂಗಮ್ಮನ ಕೈಗೆ ಕೊಟ್ಟು ಹೋಗುತ್ತಾಳೆ. ಮುನಿಗಂಗಮ್ಮ ಬೆಳಗಾದರೆ ಒಂದೊಂದೇ ಬಾಗಿಲಿಗೆ ಹೋಗಿ, "ನುಂಗಿದ್ಯಾ? ಎಲ್ಲಿ, ಬಾಯ್ ತೆಗಿ" ಎನ್ನುತ್ತಾಳೆ.