ಮುಖಕ್ಕೆ ಅಡ್ಡವಾಗಿ ನಿಂತ ಬೆಲ್ಟ್

ಆಫೀಸಿನ ಕೆಲಸಕ್ಕೆಂದು ಹೂಸ್ಟನ್‌ಗೆ ಹೋಗಿದ್ದ ನನ್ನ ಗಂಡನಿಗೆ ಅಲ್ಲಿಯೇ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರು. ಮಧ್ಯಾಹ್ನ ಬೈಪಾಸ್ ಮಾಡುತ್ತೇವೆ, ಅಷ್ಟರೊಳಗೆ ಬನ್ನಿ ಎಂದು ಬೆಳಿಗ್ಗೆ ಫೋನ್ ಬಂತು. ನಮ್ಮ ಒಳ್ಳೆಯ ಕಾರನ್ನು ಅವರೇ ಒಯ್ದಿದ್ದರು. ಹೂಸ್ಟನ್‌ನಿಂದ ನಾಲ್ಕೈದು ಗಂಟೆ ದೂರದ ಮೆಕಿನ್ನಿ ಊರಿನ ನಮ್ಮ ಮನೆಯಲ್ಲಿ ಉಳಿದಿದ್ದದ್ದು, ನಮಗೆ ಆಪ್ತರಾದ ನಿವೃತ್ತ ಡಾಕ್ಟರ್ ಅಂಕಲ್ ಒಬ್ಬರು ಕೊಟ್ಟಿದ್ದ ತೊಂಬತ್ತರ ದಶಕದ ಕಾರು. ಅದರ ಸೀಟ್ ಬೆಲ್ಟೇ ಬೇರೆ ಥರ. ಬಾಗಿಲು ಮುಚ್ಚಿ ಕೀ ತಿರುಗಿಸಿದರೆ ಬಾಗಿಲ ಮೇಲಂಚಿನ ಹಳಿಯಲ್ಲಿ ತಾನೇ ಜರುಗಿಬಂದು ಭುಜದ ಮೇಲೆ ಕೂರುತ್ತಿತ್ತು. ಬಾಗಿಲು ತೆರೆದರೆ ಮುಂದಕ್ಕೆ ಸರಿದು ಇಳಿಯಲು ದಾರಿ ಬಿಡುತ್ತಿತ್ತು. ಮಗಳನ್ನು ಹಿಂದೆ ಕೂರಿಸಿಕೊಂಡು ಹೊರಟೆ.

ಅರ್ಧ ದಾರಿಯಲ್ಲಿ ಗ್ಯಾಸ್ ಸ್ಟೇಷನ್ನಿನಲ್ಲಿ ಪೆಟ್ರೋಲ್ ಹಾಕಿಕೊಂಡು ಮತ್ತೆ ಕೂತಾಗ ಬೆಲ್ಟ್ ನಡುವೆಯೇ, ನನ್ನ ಮುಖಕ್ಕೆ ಅಡ್ಡವಾಗಿ ನಿಂತುಬಿಟ್ಟಿತು. ಮೋಟಾರ್ ಮಾತ್ರ ಗುಂಯ್‌ಗುಡುತ್ತಿತ್ತು. ಕೀ ತೆಗೆದು ಮತ್ತೆ ಹಾಕಿದೆ, ಬಾಗಿಲು ಬಡಿದೆ, ಎರಡೂ ಕೈಯಿಂದ ಜಗ್ಗಿದೆ. ಆಮೇಲೆ ಮೋಟಾರಿನ ಸದ್ದೂ ಅಡಗಿತು. ಬೆಲ್ಟನ್ನು ತಲೆಯ ಹಿಂದಕ್ಕೆ ತಳ್ಳಿ, ಹಾಗೇ ಹೋಗಿಬಿಡೋಣವೆಂದು ಕಾರು ಹೊರಡಿಸಿದೆ.

"ಅಮ್ಮಾ, ಪ್ಲೀಸ್ ಡೋಂಟ್," ಎಂದಳು ಮಗಳು.

ಎದುರಿನ ಹೆದ್ದಾರಿಯಲ್ಲಿ ಟ್ರಕ್ಕುಗಳು ಬೀಸಿಕೊಂಡು ಹೋಗುತ್ತಿದ್ದವು. ಮತ್ತೆ ನಿಲ್ಲಿಸಿ, ಅವಳ ಮುಂದೆಯೇ ಅತ್ತುಬಿಟ್ಟೆ.

ಕೊನೆಗೆ ಅಂಕಲ್‌ಗೆ ಫೋನ್ ಮಾಡಿದೆ. ಹಳಿಯಲ್ಲಿ ಏನೋ ಸಿಕ್ಕಿಕೊಂಡಿರಬೇಕು, ನೀನು ಮತ್ತೆ ಮತ್ತೆ ಕೀ ತಿರುಗಿಸಿ ಫ್ಯೂಸೂ ಹೋಗಿದೆ ಎಂದರು. ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಹಳಿಯೊಳಗೆ ಪ್ಲಾಸ್ಟಿಕ್ ಚೂರೊಂದು ಮುರಿದು ಅಡ್ಡಬಿದ್ದಿತ್ತು. ಕೆದಕಿದಷ್ಟೂ ಒಳಗೆ ಸರಿಯಿತು. ಉಗುರು ಕಿತ್ತು ರಕ್ತ ಬಂತು. ಸೇಫ್ಟಿ ಪಿನ್ ಬಿಚ್ಚಿ ಚುಚ್ಚಿ ಎಳೆದಾಗ ಚೂರು ಮಡಿಲಿಗೆ ಬಿತ್ತು. ಅಲ್ಲಿನ ಅಂಗಡಿಯಲ್ಲೇ ಫ್ಯೂಸ್ ಕೊಂಡು ಹಾಕಿದೆ. ಬೆಲ್ಟ್ ಕಿರುಗುಟ್ಟುತ್ತ ಭುಜದವರೆಗೆ ಬಂದು ನಿಂತಿತು.

"ಜೋರಾಗಿ ಎಳೆದು ನೋಡಮ್ಮ. ಗಟ್ಟಿಯಾಗಿದೆಯಾ? ಹಾಗಾದ್ರೆ ಈಗ ಆ ಫ್ಯೂಸ್ ತೆಗೆದುಬಿಡು, ಇನ್ನು ಅದು ಅಲ್ಲಾಡಲ್ಲ. ಇಳಿಯೋವಾಗ ಭುಜದ ಹತ್ರ ಇರೋ ಕೆಂಪು ಬಟನ್ ಒತ್ತಿ ಬಿಚ್ಕೋ. ಸೊಂಟದ ಬೆಲ್ಟ್ ಕೈಯಲ್ಲೇ ಹಾಕ್ಬೇಕು, ಮರೀಬೇಡ," ಎಂದರು ಅಂಕಲ್.

ಆಸ್ಪತ್ರೆ ಮುಟ್ಟಿದಾಗ ಗಂಡನನ್ನು ಆಪರೇಷನ್ ಕೋಣೆಯೊಳಗೆ ಕರೆದುಕೊಂಡು ಹೋಗಿಯಾಗಿತ್ತು. ನರ್ಸ್ ಒಂದು ಚೀಲದಲ್ಲಿ ಅವರ ಕನ್ನಡಕ, ಉಂಗುರ ಕೊಟ್ಟಳು. ನೀವು ದಾರಿಯಲ್ಲಿದ್ದೀರಿ ಎಂದು ಅವರಿಗೆ ತಿಳಿಸಿದೆ, ಸರಿ ಎಂದು ತಲೆಯಾಡಿಸಿದರು ಎಂದಳು. ಇನ್ನೇನಾದರೂ ಹೇಳಿದರಾ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಗ್ಯಾಸ್ ಸ್ಟೇಷನ್ನಿನಲ್ಲಿ ಕಳೆದ ಹೊತ್ತಿನಲ್ಲೇ ನಾನು ಅವರನ್ನು ಕಳೆದುಕೊಂಡೆನೇನೋ ಎನ್ನಿಸುತ್ತಿತ್ತು. ಸಂಜೆ ಸರ್ಜನ್ ಬಂದು, ಹೃದಯ ಮತ್ತೆ ತಾನಾಗಿ ಬಡಿಯುತ್ತಿದೆ ಎಂದರು. ಆಮೇಲೆ ಅವರು ಹೇಳಿದ್ದೊಂದೂ ಕಿವಿಗೆ ಬೀಳಲಿಲ್ಲ. ಒಳಗೆ ಬಿಟ್ಟಾಗ, ಕೊಳವೆಗಳ ನಡುವೆ ಹುಡುಕಿ ಗಂಡನ ಕೈ ಮುಟ್ಟಿದೆ. ತಣ್ಣಗಿತ್ತು. ಬೆಚ್ಚಗಾಗುವವರೆಗೂ ಹಿಡಿದುಕೊಂಡೇ ನಿಂತಿದ್ದೆ.