ಆರಿಸಿದ ಮೇಲೂ ಓಡುವ ಮೀಟರು

ಬೆಳಕು ಹರಿಯುವ ಹೊತ್ತಿಗೆ ಟೆಸ್ಟರಕ್ಕ ಮೀಟರಿನ ಮುಂದೆ ಸ್ಟೂಲು ಹತ್ತಿ ನಿಂತಿದ್ದಾರೆ. ಫ್ರಿಜ್ಜು, ಫ್ಯಾನು, ಗೀಸರು, ಹೊಲಿಗೆ ಯಂತ್ರದ ಮೋಟಾರು, ಎಲ್ಲ ಆರಿಸಿಯಾಗಿದೆ. ಆದರೂ ಮೀಟರಿನ ಕೆಂಪು ದೀಪ ಮಿಟುಕುತ್ತಲೇ ಇದೆ.

"ಇನ್ನೂ ಏನೋ ಓಡ್ತಿದೆಯಲ್ಲಮ್ಮ?"

"ದೇವರಾಣೆ ಏನೂ ಇಲ್ಲಕ್ಕ," ಎನ್ನುತ್ತಾರೆ ಮನೆಯೊಡತಿ. ಬಟ್ಟೆ ಹೊಲಿದು ಸಂಸಾರ ತೂಗಿಸುವ ಹೆಂಗಸು.

ಮನೆಗಳಲ್ಲಿ ಕರೆಂಟು ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕಿ ಬಿಲ್ಲು ಇಳಿಸಿಕೊಡುವುದು ಟೆಸ್ಟರಕ್ಕನ ಕಸುಬು; ಕರೆಂಟು ಇದೆಯೇ ಎಂದು ನೋಡುವ ಟೆಸ್ಟರು ಸದಾ ಕೈಯಲ್ಲಿರುವುದರಿಂದ ಆ ಹೆಸರು. ಫ್ರಿಜ್ಜಿನ ಬಾಗಿಲಿನ ಸವೆದ ರಬ್ಬರು ಬದಲಿಸುತ್ತಾರೆ, ನೀರು ಎಳೆಯಲಾರದೆ ಎಳೆಯುವ ಪಂಪು ಬಿಚ್ಚಿ ಸರಿಮಾಡುತ್ತಾರೆ. ಗಂಡ ಹಾಸಿಗೆ ಹಿಡಿದಾಗ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಸೇರಿದವರು, ನೋಡಿ ನೋಡಿಯೇ ಕಲಿತರು. ಮೊದಮೊದಲು ಬಾಗಿಲು ತೆರೆದವರೆಲ್ಲ "ಗಂಡಸರು ಯಾರೂ ಬರ್ಲಿಲ್ವಾ?" ಎಂದು ಅವರ ಬೆನ್ನ ಹಿಂದೆ ಇಣುಕುತ್ತಿದ್ದರಂತೆ. "ಕರೆಂಟು ಗಂಡು ಹೆಣ್ಣು ಅಂತ ನೋಡಲ್ಲ ಸ್ವಾಮಿ, ಇಬ್ಬರಿಗೂ ಸಮನಾಗಿ ಹೊಡೆಯತ್ತೆ ಅಂತಿದ್ದೆ," ಎಂದು ನಗುತ್ತಾರೆ.

ಇವತ್ತು ಆ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕೂತ ಮನೆಯೊಡತಿಯ ಅತ್ತೆ ತಮ್ಮ ಪಾಡಿಗೆ ಗೊಣಗುತ್ತಾರೆ: "ನರದ ಕಾಯಿಲೆ ತಾಯಿ. ಬಚ್ಚಲಿನ ನಲ್ಲಿ ಮುಟ್ಟಿದ್ರೆ ಸಾಕು, ಮೊಣಕೈವರೆಗೂ ಜುಮ್ ಅನ್ನತ್ತೆ."

"ವಯಸ್ಸಾಯ್ತಲ್ಲ, ಮಾತ್ರೆ ನಡೀತಿದೆ," ಎನ್ನುತ್ತಾರೆ ಸೊಸೆ.

ಟೆಸ್ಟರಕ್ಕ ಸ್ಟೂಲಿನ ಮೇಲೇ ಗಕ್ಕನೆ ತಿರುಗುತ್ತಾರೆ. ಅದೇ ಗಳಿಗೆಗೆ ಬಚ್ಚಲಿನಲ್ಲಿ ಬಕೆಟ್ಟಿನ ಸದ್ದು. "ಮುಟ್ಟಬೇಡ!" ಎಂದು ಕಿರುಚುತ್ತಲೇ ಮೇನ್ ಸ್ವಿಚ್ ಎಳೆಯುತ್ತಾರೆ. ಕೆಂಪು ದೀಪ ಆರುತ್ತದೆ. ಓಡಿ ಹೋಗಿ ನೋಡಿದರೆ, ಹೆಗಲಿಗೆ ಟವೆಲ್ಲು ಹಾಕಿಕೊಂಡ ಮೊಮ್ಮಗಳು ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತಿದ್ದಾಳೆ. ನಲ್ಲಿಗೆ ಚಾಚಿದ ಕೈ ಚಾಚಿದಂತೆಯೇ ಇದೆ.

ಗೀಸರಿನ ಒಳಗೆ ನೀರು ಕಾಯಿಸುವ ಸುರುಳಿ ಒಡೆದಿತ್ತು. ಸ್ವಿಚ್ಚಿಗೆ ತಂತಿ ತಪ್ಪಾಗಿ ಜೋಡಿಸಿದ್ದರಿಂದ ಆರಿಸಿದರೂ ಕರೆಂಟು ನಿಲ್ಲುತ್ತಿರಲಿಲ್ಲ. ಅದು ನೀರಿಗೆ ಸೋರಿ, ನಲ್ಲಿಯ ಕಬ್ಬಿಣದ ಕೊಳವೆ ಹಿಡಿದು ಒದ್ದೆ ಗೋಡೆಗೆ ಇಳಿಯುತ್ತಿತ್ತು. ಬಿಲ್ಲು ಏರಿದ್ದು ಅದಕ್ಕೇ.

ಹೊಲಿಗೆಯಾಕೆ ಮಗಳನ್ನು ಬಾಚಿ ತಬ್ಬಿಕೊಳ್ಳುತ್ತಾರೆ. "ಅತ್ತೆ, ನಿಮ್ಮ ಮಾತು ನಾನು ಕಿವಿಗೇ ಹಾಕ್ಕೊಳ್ಳಲಿಲ್ವಲ್ಲ!"

"ನಾನೂ ನರದ ಕಾಯಿಲೆ ಅಂತಲೇ ನಂಬಿದ್ದೆ ಬಿಡೆ," ಎನ್ನುತ್ತಾರೆ ಅತ್ತೆ. "ಸುಮ್ನೆ ಅಷ್ಟೊಂದು ಕಹಿ ಮಾತ್ರೆ ನುಂಗಿಸಿದ್ರಲ್ಲ!"

ಗೀಸರಿನ ತಂತಿ ಕಳಚಿ, ನಲ್ಲಿಯನ್ನು ಮತ್ತೆ ಮತ್ತೆ ಪರೀಕ್ಷಿಸಿ, ಟೆಸ್ಟರಕ್ಕ ಹೊಸ್ತಿಲ ಮೇಲೆ ಕೂರುತ್ತಾರೆ. "ಬಿಲ್ಲಿಗೆ ಅಂತಲೇ ಕರೀರಿ, ಬೇಡ ಅನ್ನಲ್ಲ," ಎನ್ನುತ್ತಾರೆ. "ಆದ್ರೆ ಮನೇಲಿ ಯಾರಾದ್ರೂ ಕೈ ಜುಮ್ ಅಂತು ಅಂದ್ರೆ, ಅವತ್ತೇ ಕರೀರಿ. ದುಡ್ಡಿನ ಮಾತು ಆಮೇಲೆ ಆಡೋಣ."