ಸೂಜಿಗೆ ಮಾಡಿದ ಕಳ್ಳ ಕುಬಸ

ಹೆಣ್ಣುಮಕ್ಕಳ ತಿಂಗಳ ಸಂಗತಿ ಬಲು ಗುಟ್ಟಿನದು ಎನ್ನುವವರು ನಮ್ಮ ಆಳಂದದ ಮನೆಗೆ ಬಂದಿಲ್ಲ. ಇಲ್ಲಿ ಅದು ಪಡಸಾಲೆಯಲ್ಲೇ ಬಯಲಾಗುತ್ತದೆ. ಯಾರು ಒಲೆಯ ಕಡೆ ಹೋಗದೆ ಮೂಲೆಯ ಚಾಪೆ ಹಿಡಿದರೆಂದು ತೊಗರಿ ನೋಡಲು ಬಂದ ದಲಾಲನಿಗೂ ತಿಳಿಯುತ್ತದೆ. ಕೊರಳಲ್ಲಿ ಲಿಂಗವಿದ್ದವರಿಗೆ ಈ ಸೂತಕವಿಲ್ಲವೆಂದು ಶರಣರು ಎಂದೋ ಸಾರಿದರು. ಅದನ್ನು ನಾನು ಮಹಿಳಾ ಮಂಡಳದಲ್ಲಿ ಮೈಕು ಹಿಡಿದು ಹೇಳಿದ್ದೇನೆ. ಮನೆಯಲ್ಲಿ ನನ್ನ ಸರದಿ ಬಂದಾಗ ತೆಪ್ಪಗೆ ಚಾಪೆ ಹಾಸಿಕೊಂಡಿದ್ದೇನೆ. ನಮ್ಮ ಅತ್ತೆಯ ಮುಂದೆ ಶರಣರದ್ದೇ ನಡೆಯದು, ನನ್ನದು ಯಾವ ಲೆಕ್ಕ?

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಶಿವಲೀಲಾ, ಎರಡನೆಯ ಹೆರಿಗೆಯಲ್ಲಿ ಸಾವಿನ ಬಾಗಿಲು ನೋಡಿ ಬಂದವಳು. ರಕ್ತ ನಿಲ್ಲಲೇ ಇಲ್ಲ. ಇನ್ನೊಮ್ಮೆ ಬಸುರಾದರೆ ಜೀವಕ್ಕೆ ಅಪಾಯವೆಂದು ಡಾಕ್ಟರು ಹೇಳಿದ್ದರು. ಇರುವ ಎರಡೂ ಹೆಣ್ಣು. ಅತ್ತೆ ಮೊಮ್ಮಗನ ಹೆಸರು ಕೂಡ ಆರಿಸಿಟ್ಟು ಕಾಯುತ್ತಿದ್ದರು. ಆಪರೇಷನ್ ಎಂದರೆ ಓಣಿಗೆಲ್ಲ ಸುದ್ದಿ. ಹೀಗಾಗಿ ಗಂಡನನ್ನು ಒಪ್ಪಿಸಿ, ನನ್ನ ಜೊತೆ ಬಂದು, ಬಸುರು ನಿಲ್ಲದಂತೆ ಮೂರು ತಿಂಗಳಿಗೊಮ್ಮೆ ಹಾಕುವ ಸೂಜಿ ಮಾಡಿಸಿಕೊಂಡಳು. ಗುಳಿಗೆಯಾದರೆ ದಿಂಬಿನ ಕೆಳಗೆ ಸಿಕ್ಕಿಬೀಳುತ್ತದೆ, ಸೂಜಿಯನ್ನು ಯಾರು ಹುಡುಕುತ್ತಾರೆ ಎಂಬುದು ನನ್ನ ಜಾಣತನ.

ಸೂಜಿಗೂ ಬಾಯಿ ಇರುತ್ತದೆಂದು ನನಗೆ ಹೊಳೆಯಲಿಲ್ಲ. ಮೊದಮೊದಲು ಹೊತ್ತುಗೊತ್ತಿಲ್ಲದೆ ಸ್ವಲ್ಪ ಸ್ವಲ್ಪ ರಕ್ತ ಕಾಣತೊಡಗಿತು. ವಾರ ಬಿಟ್ಟು ವಾರ ಚಾಪೆ. “ಇಕಿ ಬಾಳ ಸೊರಗ್ಯಾಳ” ಎಂದು ಅತ್ತೆ ಅಂಟಿನುಂಡಿ ಕಟ್ಟಿ ತಿನ್ನಿಸಿದರು. ಎರಡನೆಯ ಸೂಜಿಯ ಮೇಲೆ ಮುಟ್ಟು ನಿಂತೇಹೋಯಿತು. ಈಗ ಶಿವಲೀಲಾ ಹೆದರಿದಳು. “ಅಕ್ಕಾ, ಕೆಟ್ಟ ರಕ್ತ ಒಳಗ ಕೂತು ತಲಿಗೇರ್ತದಂತ, ಖರೇನ್ರಿ?”

ನನಗೆ ಗೊತ್ತಿದ್ದರೆ ತಾನೇ ಹೇಳುವುದು! ಇಬ್ಬರೂ ಆಸ್ಪತ್ರೆಗೆ ಹೋದೆವು. ಅಲ್ಲಿನ ಸಿಸ್ಟರ್ ನಕ್ಕರು. “ಒಳಗ ಪದರ ಕಟ್ಟೂದೇ ಕಡಿಮಿ ಆಗ್ತದವ್ವ. ಕಟ್ಟಿದ್ರಲ್ಲ ಸುರಿಯೂದು? ಈ ಸೂಜಿಗಿ ಹಿಂಗಾಗೂದು ಸಹಜ ಅದ. ಬಾಳ ರಕ್ತ ಹೋದ್ರ ಮಾತ್ರ ತಡಾ ಮಾಡಬ್ಯಾಡ, ಬಂದ್‌ಬಿಡು.” ನಮಗೆ ಸಮಾಧಾನವಾಯಿತು. ಆ ಸಮಾಧಾನದಲ್ಲಿ ಅತ್ತೆಯನ್ನು ಮರೆತೆವು.

ಸೊಸೆ ಚಾಪೆ ಹಿಡಿಯುವುದು ನಿಂತದ್ದನ್ನು ಕಂಡು ಅತ್ತೆ ಉಂಡಿ ಫಲಿಸಿತೆಂದು ತಿಳಿದಿದ್ದರು. ನಮ್ಮ ಕಡೆ ಬಸುರಾದ ಮೂರನೆಯ ತಿಂಗಳು ಕಳ್ಳ ಕುಬಸ ಮಾಡುತ್ತಾರೆ. ಹೊಟ್ಟೆ ಕಾಣುವ ಮುಂಚೆ, ಯಾರ ಕಣ್ಣೂ ತಾಗದಿರಲೆಂದು, ಕದ ಮುಚ್ಚಿ ಹಸಿರು ಕುಬಸ ಕೊಟ್ಟು ಉಡಿ ತುಂಬುವ ಶಾಸ್ತ್ರ. ಬಸುರೋ ಏನೋ ಎಂದು ಬಾಯಿಬಿಟ್ಟು ಕೇಳುವುದಿಲ್ಲ, ಕೇಳಿದರೂ ದೃಷ್ಟಿಯಂತೆ. ಅಂತೂ ಒಂದೇ ಮನೆಯಲ್ಲಿ ನಮ್ಮದೊಂದು ಕಳ್ಳತನ, ಅವರದೊಂದು ಕಳ್ಳತನ ನಡೆದಿತ್ತು.

ಒಂದು ಸೋಮವಾರ ಅತ್ತೆ ಶಿವಲೀಲಾಳನ್ನು ಮಣೆಯ ಮೇಲೆ ಕೂಡಿಸಿ ಹಸಿರು ಬಳೆ ತೊಡಿಸಿದರು. ಆ ಸುಕ್ಕುಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡಿರಲಿಲ್ಲ. ಮೈಕು ಹಿಡಿಯುವ ಕೈಯಲ್ಲಿ ಅಕ್ಕಿಯ ತಟ್ಟೆ ಹಿಡಿದು ನಿಂತೆ. ಉಡಿಗೆ ಅಕ್ಕಿ ಬೀಳುವಾಗ ಶಿವಲೀಲಾಳೇ ಅತ್ತೆಯ ಕೈ ಹಿಡಿದಳು.

“ಅತ್ತೀ, ಹೊಟ್ಟ್ಯಾಗ ಏನೂ ಇಲ್ರಿ. ಇನ್ನೊಮ್ಮಿ ಹಡದ್ರ ಜೀವಾ ಉಳಿಯೂದಿಲ್ಲಂತ ಸೂಜಿ ಮಾಡಿಸ್ಕೊಂಡೀನಿ. ಅದಕ್ಕ ಮುಟ್ಟು ನಿಂತದ.”

ಅಕ್ಕಿ ಅತ್ತೆಯ ಮುಷ್ಟಿಯಲ್ಲೇ ಉಳಿಯಿತು. “ನನಗ್ಯಾಕ ಹೇಳಲಿಲ್ಲ ಬೇ? ಹೇಳಿದ್ರ ಬ್ಯಾಡಂತಿದ್ನೇನು?”

ಖಂಡಿತ ಬೇಡವೆನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಹಾಗಾಗಿ ಉತ್ತರಕ್ಕೆ ಕಾಯಲಿಲ್ಲ. ಗೋಡೆಗೊರಗಿ ಕುಳಿತು, ಬಾಯಿಗೆ ಸೆರಗಿಟ್ಟುಕೊಂಡು ಅತ್ತರು. ಇಲ್ಲದ ಮೊಮ್ಮಗನಿಗೆ ಇಷ್ಟು ಅಳುವುದೇ ಎಂದು ಬೇರೆಯ ದಿನವಾದರೆ ನಾನು ಬುದ್ಧಿ ಹೇಳುತ್ತಿದ್ದೆನೇನೋ. ಅಂದು ಆಗಲಿಲ್ಲ. ಅವರ ಪಾಲಿಗೆ ಅವನು ಮೂರು ತಿಂಗಳು ಇದ್ದ.

ಶಿವಲೀಲಾ ಅಳುತ್ತಲೇ ಬಳೆ ಕಳಚಲು ಹೋದಳು.

“ತೆಗಿಬ್ಯಾಡ,” ಎಂದರು ಅತ್ತೆ, ತಲೆ ಎತ್ತದೆ.

“ಯಾರರ ಕೇಳಿದ್ರ ಏನ್ ಹೇಳ್ಲಿರಿ?”

ಅತ್ತೆ ಮೂಗು ಒರೆಸಿಕೊಂಡರು.

“ಸೊಸಿ ಉಳದಾಳಂತ ನಮ್ಮತ್ತಿ ತೊಡಿಸ್ಯಾಳ ಅನ್ನು.”